ಮೀನು, ಮರ ಮತ್ತು ಒತ್ತಕ್ಷರ

ಶಾಲೆಯ ಗೋಡೆ, ಶಿಕ್ಷಕರ ತರಬೇತಿಯ ಸ್ಲೈಡು, ಪೋಷಕರ ವಾಟ್ಸ್‌ಆ್ಯಪ್ ಗುಂಪು, ಹೀಗೆ ಎಲ್ಲೆಡೆ ಒಂದು ವ್ಯಂಗ್ಯಚಿತ್ರ ಬಹಳ ದಿನಗಳಿಂದ ಓಡಾಡುತ್ತಿದೆ. ಕೋತಿ, ಆನೆ, ಹಕ್ಕಿ, ಗಾಜಿನ ಪಾತ್ರೆಯೊಳಗಿನ ಮೀನು ಸಾಲಾಗಿ ನಿಂತಿವೆ. ಎದುರಿಗೆ ಮೇಜು ಹಾಕಿಕೊಂಡು ಕೂತ ಪರೀಕ್ಷಕರು, ಎಲ್ಲರಿಗೂ ಒಂದೇ ಪರೀಕ್ಷೆ, ಆ ಮರ ಹತ್ತಿ ಎಂದು ಅಪ್ಪಣೆ ಕೊಡುತ್ತಿದ್ದಾರೆ. ಕೆಳಗೆ ಐನ್‌ಸ್ಟೈನ್ ಹೆಸರಿನಲ್ಲಿ ಮೀನಿನ ಪರವಾಗಿ ಒಂದು ವಾಕ್ಯ: ಮರ ಹತ್ತುವುದರಿಂದ ಅಳೆದರೆ ಮೀನು ಜೀವನವಿಡೀ ತನ್ನನ್ನು ದಡ್ಡನೆಂದೇ ನಂಬುತ್ತದೆ. ಆ ವಾಕ್ಯ ಐನ್‌ಸ್ಟೈನ್ ಬರೆದದ್ದರಲ್ಲಿ, ಆಡಿದ್ದರಲ್ಲಿ ಎಲ್ಲೂ ಸಿಕ್ಕಿಲ್ಲ. ಹದಿನೈದರ ವಯಸ್ಸಿಗೇ ಕ್ಯಾಲ್ಕುಲಸ್ ಅರಗಿಸಿಕೊಂಡಿದ್ದ ಅವರನ್ನು ಓದಲಾರದ ಮಕ್ಕಳ ಕುಲದೇವರಾಗಿಸಿರುವುದಕ್ಕೂ ಆಧಾರ ಸಾಲದು. ಹೆಸರು ಸುಳ್ಳಾದ ಮಾತ್ರಕ್ಕೆ ಮಾತು ಸುಳ್ಳಾಗಬೇಕಿಲ್ಲ ಎನ್ನಬಹುದು. ಹಾಗಾದರೆ ಮಾತನ್ನೇ ನೋಡಬೇಕು.

ಡಿಸ್‌ಲೆಕ್ಸಿಯಾ ಮೊದಲಾದ ಕಲಿಕಾ ಭಿನ್ನತೆಯ ಮಕ್ಕಳ ಬಗ್ಗೆ ಒಳ್ಳೆಯ ಮನಸ್ಸಿನವರೆಲ್ಲ ಈಗ ಒಪ್ಪಿಕೊಂಡಂತಿರುವ ನಿಲುವು ಸುಮಾರಾಗಿ ಹೀಗಿದೆ. ಈ ಮಕ್ಕಳು ದಡ್ಡರಲ್ಲ. ಅವರ ಮಿದುಳು ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ. ಅಕ್ಷರದಲ್ಲಿ ಹಿಂದುಳಿದವರಿಗೆ ಪ್ರಕೃತಿ ಬೇರೊಂದು ಕಡೆ, ಚಿತ್ರದಲ್ಲೋ ಸಂಗೀತದಲ್ಲೋ ಮಣ್ಣಿನ ಕೆಲಸದಲ್ಲೋ, ಕೈತುಂಬ ಕೊಟ್ಟಿರುತ್ತದೆ. ಕಾಡಿನಲ್ಲಿ ಎಲ್ಲ ಗಿಡವೂ ಒಂದೇ ಥರ ಇಲ್ಲ, ಹುಳುವೇ ಚಿಟ್ಟೆಯಾಗುತ್ತದೆ, ಎಲ್ಲ ಮಾವೂ ಒಂದೇ ತಿಂಗಳಲ್ಲಿ ಹಣ್ಣಾಗುವುದಿಲ್ಲ. ಆದ್ದರಿಂದ ಭಿನ್ನತೆಯನ್ನು ತಿದ್ದಲು ಹೋಗದೆ ಅಪ್ಪಿಕೊಳ್ಳಬೇಕು. ಪುಸ್ತಕದ ಬದಲು ಬಣ್ಣ ಕೊಡಬೇಕು, ಕೋಣೆಯ ಬದಲು ಬಯಲು ಕೊಡಬೇಕು.

ಈ ನಿಲುವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಬೇಕಾದದ್ದೂ ಅಲ್ಲ. ಅದಕ್ಕೆ ಮೊದಲಿದ್ದದ್ದು ಬೆತ್ತ, ಬೆಂಚಿನ ಮೇಲೆ ನಿಲ್ಲಿಸುವುದು, ‘ಮೊದ್ದು’ ಎಂಬ ಹಣೆಪಟ್ಟಿ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಬುದ್ಧಿವಂತನಾಗಿದ್ದೂ ಓದಲಾರದ ಹದಿನಾಲ್ಕರ ಹುಡುಗನೊಬ್ಬನ ಬಗ್ಗೆ ಬರೆದ ಮೇಲೂ, ಓದಿಗೂ ಬುದ್ಧಿಗೂ ಗಂಟು ಹಾಕುವ ರೂಢಿ ಶತಮಾನ ಕಾಲ ನಮ್ಮ ತರಗತಿಗಳನ್ನು ಬಿಟ್ಟು ಹೋಗಲಿಲ್ಲ. 2007ರ ಕೊನೆಗೆ ಬಂದ ‘ತಾರೇ ಜಮೀನ್ ಪರ್’ ಸಿನಿಮಾ ಒಂದೇ ಏಟಿಗೆ ಮಾಡಿದ ಕೆಲಸವನ್ನು ಎಷ್ಟೋ ಕಮ್ಮಟಗಳು ಮಾಡಿರಲಿಲ್ಲ. ಆದರೆ ಆ ಸಿನಿಮಾವನ್ನು ಜನ ನೆನಪಿಟ್ಟುಕೊಂಡ ರೀತಿಯಲ್ಲೇ ಗೊಂದಲದ ಮೂಲವೂ ಇದೆ. ಕೊನೆಯ ಚಿತ್ರಕಲಾ ಸ್ಪರ್ಧೆ ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚೆ ಮೇಷ್ಟ್ರು ಹುಡುಗನ ಪಕ್ಕ ಕೂತು ಮರಳಿನಲ್ಲಿ, ಜೇಡಿಮಣ್ಣಿನಲ್ಲಿ ಅಕ್ಷರ ತಿದ್ದಿಸಿ ಅವನನ್ನು ಓದುವಂತೆ ಮಾಡಿದ್ದು ಅಷ್ಟಾಗಿ ನೆನಪಿಲ್ಲ. ಬಹುಮಾನದ ಗದ್ದಲದಲ್ಲಿ ಪಾಠ ಮರೆಯಾಯಿತು.

ಮೇಲಿನ ನಿಲುವಿನೊಳಗೆ ಮೂರು ಬೇರೆಬೇರೆ ಹೇಳಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿ ಇಟ್ಟರೆ ಹೀಗೆ:

1. ಕಲಿಕಾ ಭಿನ್ನತೆಯ ಜೊತೆಗೇ ಸೃಜನಶೀಲತೆಯೂ ಬರುತ್ತದೆ.

2. ಚಿತ್ರ, ಪ್ರಕೃತಿಯ ಸಂಕೇತಗಳು ಈ ಮಕ್ಕಳಿಗೆ ಅಕ್ಷರಕ್ಕಿಂತ ಸಹಜವಾದ ದಾರಿ. ಆ ದಾರಿಯಲ್ಲಿ ಬಿಟ್ಟರೆ ಸಾಕು.

3. ಪ್ರಕೃತಿಯಲ್ಲಿ ಎಲ್ಲಕ್ಕೂ ಅದರದರ ಕಾಲವಿದೆ, ಕಾಯಬೇಕು.

ಮೊದಲನೆಯದಕ್ಕೆ ಸಾಕ್ಷಿಯಾಗಿ ಯಾವಾಗಲೂ ಹೆಸರುಗಳ ಪಟ್ಟಿಯೊಂದು ಬರುತ್ತದೆ: ಇಂಥ ಚಿತ್ರಕಾರ, ಇಂಥ ಉದ್ಯಮಿ, ಇಂಥ ನಟ. ಗೆದ್ದವರನ್ನು ಮಾತ್ರ ಎಣಿಸಿ ಮಾಡಿದ ಪಟ್ಟಿ ಅದು. ಓದಲಾಗದೆ ಶಾಲೆ ಬಿಟ್ಟು ಇಟ್ಟಿಗೆ ಗೂಡಿಗೋ ಗಾರೆ ಕೆಲಸಕ್ಕೋ ಹೋದವರ ಹೆಸರು ಯಾವ ಪಟ್ಟಿಗೂ ಸೇರುವುದಿಲ್ಲ. ಕೋಲಾರದ ಕಡೆ ಈ ವಾದಕ್ಕೆ ಸ್ಥಳೀಯ ಉದಾಹರಣೆಯೂ ಸಿಗುತ್ತದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಶಾಲೆಯ ಓದು ಹೈಸ್ಕೂಲನ್ನು ದಾಟಲಿಲ್ಲ, ಆದರೂ ಅವರು ಡಿವಿಜಿ ಆದರು ಎಂದು. ಆದರೆ ಡಿವಿಜಿಗೆ ಇಲ್ಲದಿದ್ದದ್ದು ಸರ್ಟಿಫಿಕೇಟು, ಓದಲ್ಲ. ಕನ್ನಡ, ಸಂಸ್ಕೃತ, ಇಂಗ್ಲಿಷ್ ಗ್ರಂಥಗಳನ್ನು ಅವರಷ್ಟು ಅರೆದು ಕುಡಿದವರು ವಿರಳ. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಕಥೆಗಾರ ಮಾಸ್ತಿ ಮದ್ರಾಸಿನಲ್ಲಿ ಎಂ.ಎ. ಮುಗಿಸಿ ದೊಡ್ಡ ಸರ್ಕಾರಿ ಹುದ್ದೆಗೇರಿದವರು. ಸೃಜನಶೀಲತೆ ಒಬ್ಬರಲ್ಲಿ ಪರೀಕ್ಷೆಯ ಜೊತೆಗಿತ್ತು, ಇನ್ನೊಬ್ಬರಲ್ಲಿ ಪರೀಕ್ಷೆಯನ್ನು ಬಿಟ್ಟು ಇತ್ತು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಪರೀಕ್ಷೆ ದಾಟದಿರುವುದನ್ನೂ ಅಕ್ಷರವನ್ನು ಶಬ್ದಕ್ಕೆ ಜೋಡಿಸಲಾಗದ ತೊಡಕನ್ನೂ ಒಂದೇ ಚೀಲಕ್ಕೆ ತುಂಬಿದರೆ ಎರಡರ ಬಗ್ಗೆಯೂ ತಪ್ಪು ಮಾತಾಡಿದಂತಾಗುತ್ತದೆ.

ಹೆಸರುಗಳನ್ನು ಬಿಟ್ಟು ಅಳತೆಗೆ ಬಂದರೂ ಚಿತ್ರ ಬದಲಾಗುವುದಿಲ್ಲ. ಡಿಸ್‌ಲೆಕ್ಸಿಯಾ ಮತ್ತು ಸೃಜನಶೀಲತೆಯ ಬಗ್ಗೆ ಹಿಂದೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಫ್ಲೋರಿನಾ ಎರ್ಬೆಲಿ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಡಿಸ್‌ಲೆಕ್ಸಿಯಾ ಇದ್ದವರು ಇಲ್ಲದವರಿಗಿಂತ ಒಟ್ಟಾರೆ ಹೆಚ್ಚು ಸೃಜನಶೀಲರು ಎನ್ನಲು ಪುರಾವೆ ಸಿಗಲಿಲ್ಲ. ಕಡಿಮೆ ಎಂದೂ ಅಲ್ಲ. ಎಲ್ಲರಂತೆಯೇ ಕೆಲವರಲ್ಲಿ ಇದೆ, ಕೆಲವರಲ್ಲಿ ಇಲ್ಲ. ಇದು ಒಣ ಅಂಕಿಅಂಶದ ತಕರಾರು ಎಂದು ತಳ್ಳಿಹಾಕುವವರು ಒಂದು ಮಗುವಿನ ಜಾಗದಲ್ಲಿ ನಿಂತು ನೋಡಬೇಕು. ಓದಲು ಬಾರದ, ಚಿತ್ರವನ್ನೂ ಸಾಧಾರಣವಾಗಿಯೇ ಬಿಡಿಸುವ ಮಗು. ಹಳೆಯ ಶಾಲೆಯಲ್ಲಿ ಅದು ಒಂದು ಸಲ ನಪಾಸಾಗುತ್ತಿತ್ತು. ಹೊಸ ಉದಾರ ಶಾಲೆಯಲ್ಲಿ ಎರಡು ಸಲ ನಪಾಸಾಗುತ್ತದೆ: ಮೊದಲು ಓದಿನಲ್ಲಿ, ಆಮೇಲೆ ಓದಿನ ಬದಲಿಗೆ ಇರಲೇಬೇಕಿದ್ದ ಪ್ರತಿಭೆಯಲ್ಲಿ. ಪ್ರತಿಭೆ ತೋರಿಸಿದರೆ ಮಾತ್ರ ಸಿಗುವ ಗೌರವ, ಅಂಕ ತೋರಿಸಿದರೆ ಮಾತ್ರ ಸಿಗುತ್ತಿದ್ದ ಗೌರವಕ್ಕಿಂತ ಯಾವ ರೀತಿಯಲ್ಲಿ ಮೇಲು?

ಎರಡನೆಯ ಹೇಳಿಕೆಯಲ್ಲಿ ಸ್ವಲ್ಪ ಸತ್ಯವಿದೆ, ಅದಕ್ಕೇ ಅದನ್ನು ಜೋಪಾನವಾಗಿ ಬಿಡಿಸಬೇಕು. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸುವ ಕಲಿಕಾ ಶೈಲಿಯ ಸಿದ್ಧಾಂತ ತರಬೇತಿಗಳಲ್ಲಿ ಇನ್ನೂ ಜೀವಂತವಿದೆ. ಆದರೆ ಹೆರಾಲ್ಡ್ ಪ್ಯಾಶ್ಲರ್ ಮತ್ತಿತರ ಮನಶ್ಶಾಸ್ತ್ರಜ್ಞರು 2008ರಲ್ಲಿ ಅದನ್ನು ಪರಿಶೀಲಿಸಿ, ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಇಲ್ಲವೆಂದು ತೋರಿಸಿದರು. ಹಾಗೆಂದು ಚಿತ್ರ ನಿಷ್ಪ್ರಯೋಜಕವೇ? ಇಲ್ಲ. 1984ರಲ್ಲಿ ಲಿನ್ನಿಯಾ ಎಹ್ರಿ ಮತ್ತು ಜೊತೆಗಾರರು ಅಕ್ಷರ ಕಲಿಯದ ಮಕ್ಕಳ ಮೇಲೆ ಸರಳವಾದೊಂದು ಪ್ರಯೋಗ ಮಾಡಿದರು. ಕೆಲವರಿಗೆ ಅಕ್ಷರದ ಆಕಾರವೇ ಚಿತ್ರದ ಮೈಯಾಗಿರುವ ಕಾರ್ಡು ಕೊಟ್ಟರು. ಇಂಗ್ಲಿಷಿನ ಎಫ್ ಅಕ್ಷರವೇ ಹೂವಿನ ದಂಟಾಗಿ ನಿಲ್ಲುವ ಹಾಗೆ. ಇನ್ನು ಕೆಲವರಿಗೆ ಅದೇ ವಸ್ತುವಿನ ಚಿತ್ರ, ಆದರೆ ಅಕ್ಷರದ ಆಕಾರಕ್ಕೆ ಸಂಬಂಧವಿಲ್ಲದ್ದು. ಮೊದಲ ಗುಂಪು ಚೆನ್ನಾಗಿ ಕಲಿಯಿತು. ಎರಡನೆಯ ಗುಂಪಿಗೆ ಚಿತ್ರದಿಂದ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ಹೂವು ಎರಡರಲ್ಲೂ ಇತ್ತು. ಕೆಲಸ ಮಾಡಿದ್ದು ಹೂವಲ್ಲ, ಆಕಾರಕ್ಕೂ ಶಬ್ದಕ್ಕೂ ಹೂವು ಕಟ್ಟಿಕೊಟ್ಟ ನಂಟು. ನಮ್ಮ ಅಂಗನವಾಡಿ, ಶಾಲೆಗಳ ಗೋಡೆಯ ಮೇಲಿನ ವರ್ಣಮಾಲೆ ಬಹುತೇಕ ಎರಡನೆಯ ಜಾತಿಯದು: ‘ಆ’ ಪಕ್ಕಕ್ಕೆ ಒಂದು ಆನೆ, ‘ಇ’ ಪಕ್ಕಕ್ಕೆ ಒಂದು ಇಲಿ. ಗೋಡೆಗೆ ಅಂದ, ಅಷ್ಟೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲುಗಳಲ್ಲಿ ಆ ಆನೆ ಮತ್ತು ಇಲಿ ಅಂದವನ್ನೂ ಮೀರಿ ತೊಂದರೆ ಕೊಡುತ್ತವೆ. ಆಂಧ್ರಕ್ಕೆ ಅಂಟಿಕೊಂಡ ಈ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿರುವ ಮಕ್ಕಳು ಲೆಕ್ಕವಿಲ್ಲದಷ್ಟು. ಮಾಲೂರಿನಲ್ಲಿ ತಮಿಳುನಾಡಿನ ಗಡಿ, ಊರೂರಲ್ಲಿ ಉರ್ದು ಮನೆಗಳು. ತೆಲುಗಿನ ಮಗು ಆನೆಯ ಚಿತ್ರ ನೋಡಿ ಏನುಗು ಅನ್ನುತ್ತದೆ, ಇಲಿಯನ್ನು ನೋಡಿ ಎಲುಕ ಅನ್ನುತ್ತದೆ. ‘ಇ’ ಅಕ್ಷರದ ಪಕ್ಕದ ಚಿತ್ರ ಅದರ ಬಾಯಲ್ಲಿ ‘ಎ’ಕಾರ ಹುಟ್ಟಿಸುತ್ತದೆ. ‘ಹ’ಕ್ಕೆ ಹಾವು ಬರೆದಿದ್ದರೆ ಮನೆಯ ಪಾಮು ‘ಪ’ಕಾರ ತರುತ್ತದೆ. ಉರ್ದು ಮಗುವಿಗೆ ಆನೆ ಹಾಥಿ, ಇಲಿ ಚೂಹಾ. ಪ್ರಕೃತಿಯ ಸಂಕೇತ ಭಾಷೆಯ ಹಂಗಿಲ್ಲದೆ ಎಲ್ಲ ಮಕ್ಕಳಿಗೂ ನೇರವಾಗಿ ಮುಟ್ಟುತ್ತದೆ ಎಂಬ ನಂಬಿಕೆ ಇಲ್ಲಿ ನೆಲ ಕಚ್ಚುತ್ತದೆ. ಹಾವು ಎಲ್ಲರಿಗೂ ಒಂದೇ, ಹಾವಿನ ಚಿತ್ರದಿಂದ ಹೊರಡುವ ಮೊದಲ ಶಬ್ದ ಒಂದೇ ಅಲ್ಲ. ಹೀಗೆ ಎಡವಿದ ಮಗುವನ್ನು ಎರಡು ವರ್ಷದ ಮೇಲೆ ಸ್ವರ ಗುರುತಿಸಲಾಗದ ಕಲಿಕಾ ನ್ಯೂನತೆಯ ಮಗು ಎಂದು ಬರೆದುಕೊಂಡರೆ, ಅದು ಚಾರ್ಟಿನ ತಪ್ಪನ್ನು ಮಗುವಿನ ತಲೆಗೆ ಕಟ್ಟಿದಂತೆ. ತಿರುಗುಮುರುಗಾದ ತಪ್ಪೂ ಅಷ್ಟೇ ಸಾಮಾನ್ಯ. ‘ಮನೇಲಿ ತೆಲುಗು, ಅದಕ್ಕೇ ಕನ್ನಡ ಓದೋಕೆ ಬರಲ್ಲ, ದೊಡ್ಡವನಾದರೆ ಸರಿಹೋಗ್ತಾನೆ’ ಎಂಬ ಸಮಾಧಾನದ ಹಿಂದೆ ನಿಜವಾದ ಡಿಸ್‌ಲೆಕ್ಸಿಯಾ ಅಡಗಿ ಕೂತಿರುತ್ತದೆ. ಹಾಲನ್ನು ಆಲು ಎಂದು ಬರೆಯುವುದು, ಮಹಾಪ್ರಾಣ ಬಿಡುವುದು ಆಡುಮಾತಿನ ಗುಣ. ಮೂರನೇ ತರಗತಿ ಮುಗಿಯುತ್ತಾ ಬಂದರೂ ಗೊತ್ತಿರುವ ಪದವನ್ನೇ ಪ್ರತಿ ಸಲ ಮೊದಲ ಸಲದಂತೆ ಅಕ್ಷರ ಅಕ್ಷರವಾಗಿ ತಡವರಿಸುವುದು ಬೇರೆಯೇ ಸಂಗತಿ. ಇವೆರಡನ್ನೂ ಬೇರ್ಪಡಿಸುವುದು ಅಪ್ಪಿಕೊಳ್ಳುವುದಕ್ಕಿಂತ ಕಷ್ಟದ ಕೆಲಸ.

ಕನ್ನಡ ಲಿಪಿಯೂ ಈ ಕಷ್ಟಕ್ಕೆ ತನ್ನ ಪಾಲು ಸೇರಿಸುತ್ತದೆ. ಬರೆದಂತೆ ಓದುವ ಲಿಪಿ ಎಂಬ ಹೆಮ್ಮೆ ಸರಿಯೇ, ಆದರೆ ಕಾಗುಣಿತ, ಒತ್ತು ಎಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಸ್ವರಚಿಹ್ನೆ ‘ಕಿ’ಯಲ್ಲಿ ನೆತ್ತಿಗೆ, ‘ಕು’ವಿನಲ್ಲಿ ಬಲಕ್ಕೆ, ‘ಕೃ’ವಿನಲ್ಲಿ ಕಾಲಡಿಗೆ. ‘ಸೂರ್ಯ’ ಎಂಬಲ್ಲಿ ಬಾಯಿ ಮೊದಲು ಆಡುವ ರಕಾರವನ್ನು ಕೈ ಕೊನೆಗೆ ಅರ್ಕಾವತ್ತಾಗಿ ಬರೆಯುತ್ತದೆ. ಸೊನಾಲಿ ನಾಗ್ ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಕ್ಷರರೂಪಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಎಳೆದುಕೊಂಡು ಹೋಗುತ್ತದೆ ಎಂದು ತೋರಿಸಿತು. ಎಲ್ಲರೂ ನಿಧಾನವಾಗಿ ಕಲಿಯುವ ಕಡೆ ತೀರ ನಿಧಾನವಾದವರು ಕಣ್ಣಿಗೆ ಬೀಳುವುದಿಲ್ಲ. ಡಿಸ್‌ಲೆಕ್ಸಿಯಾ ಇಂಗ್ಲಿಷ್ ಮೀಡಿಯಂ ಕಾಯಿಲೆ ಎಂಬ ಭ್ರಮೆ ಹುಟ್ಟಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಇಷ್ಟಾದ ಮೇಲೆ ಮೂರನೆಯ ಹೇಳಿಕೆಗೆ, ಕಾಯುವ ಉಪದೇಶಕ್ಕೆ ಬರಬಹುದು. ಮಾವಿನ ಹೋಲಿಕೆಯನ್ನು ಶ್ರೀನಿವಾಸಪುರದ ಬೆಳೆಗಾರರ ಮುಂದೆ ಇಟ್ಟರೆ ಅದು ನಿಲ್ಲುವುದಿಲ್ಲ. ಬಾದಾಮಿ ಮೊದಲು, ನೀಲಂ ಕೊನೆಗೆ ಎಂಬುದು ಅವರಿಗೆ ಗೊತ್ತು. ನೀಲಂ ತಡವಾಯಿತೆಂದು ಯಾರೂ ಗಾಬರಿಯಾಗುವುದಿಲ್ಲ. ಹೂವಿಗೆ ಜಿಗಿಹುಳು ಬಿದ್ದಾಗ ಮಾತ್ರ ಯಾರೂ ಕೈಕಟ್ಟಿ ಕೂರುವುದಿಲ್ಲ. ತಳಿಯ ಗುಣ ಯಾವುದು, ನೋಡಿಕೊಳ್ಳಬೇಕಾದ ತೊಂದರೆ ಯಾವುದು ಎಂಬುದನ್ನು ಅವರು ಮರದ ಹತ್ತಿರ ಹೋಗಿ ನೋಡಿ ತೀರ್ಮಾನಿಸುತ್ತಾರೆ. ಮೀನಿನ ಹೋಲಿಕೆ ಇನ್ನೂ ಕೆಟ್ಟದ್ದು. ಮೀನು ಎಂದೂ ಮರ ಹತ್ತಲಾರದು, ಕಲಿಸಿದರೂ ಹತ್ತಲಾರದು. ಡಿಸ್‌ಲೆಕ್ಸಿಯಾದ ಮಗು ಓದಬಲ್ಲದು. ಶಬ್ದವನ್ನೂ ಅಕ್ಷರವನ್ನೂ ಒಂದೊಂದಾಗಿ, ಕ್ರಮವಾಗಿ, ಬಿಡದೆ ಜೋಡಿಸಿ ಕಲಿಸಿದರೆ ನಿಧಾನವಾಗಿಯಾದರೂ ಓದುತ್ತದೆ. ಕಲಿಯಬಲ್ಲ ಮಗುವನ್ನು ಕಲಿಯಲಾರದ ಮೀನಾಗಿಸುವ ಚಿತ್ರ ಕರುಣೆಯ ವೇಷದಲ್ಲಿ ಕೈತೊಳೆದುಕೊಳ್ಳುವುದನ್ನು ಕಲಿಸುತ್ತದೆ. ಮರ ಹತ್ತುವುದು ಮೀನಿಗೆ ಬೇಕಿಲ್ಲದ ವಿದ್ಯೆ ಎಂಬುದೂ ಆ ಚಿತ್ರದಲ್ಲಿ ಅಡಗಿದೆ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಬಾಕ್ಸುಗಳಲ್ಲಿ ಟೊಮೇಟೊ ಹಾಕಿ ಮಂಡಿಯ ಚೀಟಿ ಹಿಡಿದು ಬರುವ ರೈತ, ಔಷಧಿ ಡಬ್ಬಿಯ ಮೇಲಿನ ಎಚ್ಚರಿಕೆ ಓದಬೇಕಾದ ಕೂಲಿ, ಬಸ್ಸಿನ ಬೋರ್ಡು ನೋಡುವ ಹುಡುಗಿ, ಇವರಲ್ಲಿ ಯಾರಿಗೆ ಓದು ಬೇಡ?

ಹಾಗಾದರೆ ಸಂಕೇತಕ್ಕೂ ಸೃಜನಶೀಲತೆಗೂ ಜಾಗವೇ ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಜಾಗವಿದೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ ಇದೆ. ಶ್ರೀನಿವಾಸಪುರದ ಗಡಿ ದಾಟಿ ಮದನಪಲ್ಲಿಯ ಕಡೆ ಹೋದರೆ ಸಿಗುವ ರಿಷಿವ್ಯಾಲಿಯಲ್ಲಿ ಹಳ್ಳಿಶಾಲೆಗಳಿಗೆಂದು ರೂಪಿಸಿದ ಪದ್ಧತಿಯನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ನಲಿ-ಕಲಿಯನ್ನು ಆರಂಭಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಅದರ ಕಾರ್ಡುಗಳ ಮೇಲೆ ಪ್ರಾಣಿ, ಹಕ್ಕಿ ಮುಂತಾದ ಲೋಗೋಗಳಿವೆ. ಇನ್ನೂ ಓದಲು ಬಾರದ ಮಗು ಲೋಗೋ ನೋಡಿ ತನ್ನ ಕಾರ್ಡು ತಾನೇ ಹುಡುಕಿಕೊಳ್ಳುತ್ತದೆ, ‘ತಟ್ಟೆ’ ಎಂಬ ತನ್ನ ಗುಂಪಿಗೆ ಹೋಗಿ ಕೂರುತ್ತದೆ, ಕಲಿಕಾ ಏಣಿಯಲ್ಲಿ ತಾನು ಯಾವ ಮೈಲಿಗಲ್ಲಿನಲ್ಲಿದ್ದೇನೆಂದು ಬೆರಳಿಟ್ಟು ತೋರಿಸುತ್ತದೆ. ಇಲ್ಲಿ ಸಂಕೇತ ಮಗುವನ್ನು ಚಿಟ್ಟೆ ಎಂದು ಹೊಗಳುತ್ತಿಲ್ಲ, ಅದಕ್ಕೆ ದಾರಿ ಹೇಳುತ್ತಿದೆ. ಅಕ್ಷರಗಳೂ ಅ ಆ ಇ ಈ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು, ಬರೆಯಲು ಸುಲಭವಾಗಿ, ಕೂಡಲೇ ಪದ ಕಟ್ಟಲು ಬರುವ ಹಾಗೆ ಬರುತ್ತವೆ. ಮಕ್ಕಳು ಬಿಡಿಸಿದ ಚಿತ್ರ ತರಗತಿಯ ಚಪ್ಪರದಲ್ಲಿ ತೂಗುತ್ತದೆ. ಚೆನ್ನಾಗಿ ಬಿಡಿಸಿದವರದ್ದು ಮಾತ್ರವಲ್ಲ, ಎಲ್ಲರದ್ದೂ.

ನಲಿ-ಕಲಿಗೆ ಒಂದು ದೌರ್ಬಲ್ಯವೂ ಇದೆ, ಅದು ಇದೇ ಚರ್ಚೆಗೆ ಸೇರಿದ್ದು. ತನ್ನ ವೇಗದಲ್ಲಿ ಕಲಿಯಲಿ ಎಂಬ ಸ್ವಾತಂತ್ರ್ಯ, ಒಂದೇ ಮೈಲಿಗಲ್ಲಿನಲ್ಲಿ ತಿಂಗಳುಗಟ್ಟಲೆ ನಿಂತ ಮಗುವನ್ನು ಯಾರೂ ಕೇಳದಿರುವ ಸ್ವಾತಂತ್ರ್ಯವೂ ಆಗಬಹುದು. ಆದರೆ ಯಾರು ಎಲ್ಲಿ ನಿಂತಿದ್ದಾರೆಂಬುದು ಗೋಡೆಯ ಮೇಲಿನ ‘ಪ್ರಗತಿ ನೋಟ’ ಪಟ್ಟಿಯಲ್ಲಿ ದಾಖಲಾಗುತ್ತದೆ. ನೋಡುವ ಕಣ್ಣಿದ್ದರೆ ಕಲಿಕಾ ತೊಡಕನ್ನು ಮೊದಲು ಹಿಡಿಯುವ ಸಾಧನ ಅದೇ. ನಾಲ್ಕನೇ ತರಗತಿಗೆ ಬಂದರೆ ಏಣಿ ಹೋಗಿ ಪಠ್ಯಪುಸ್ತಕ ಬರುತ್ತದೆ, ಒತ್ತಕ್ಷರದ ಹೊರೆ ಏರುತ್ತದೆ, ನಿಂತಲ್ಲೇ ನಿಂತಿದ್ದ ಮಗು ಗುಂಪಿನಲ್ಲಿ ಕರಗಿಹೋಗುತ್ತದೆ.

ಬಯಲಿನ ಪರವಾದ ಇನ್ನೊಂದು ವಾದಕ್ಕೂ ಉತ್ತರ ಕೊಡಬೇಕು. ಹಸಿರಿನ ನಡುವೆ ಓಡಾಡಿದ ಮಕ್ಕಳ ಗಮನ ನಿಲ್ಲುತ್ತದೆ ಎಂಬುದು ಬರೀ ಕವಿಮಾತಲ್ಲ. ಆ್ಯಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೊ 2009ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಗಮನದ ತೊಂದರೆ ಇದ್ದ ಹದಿನೇಳು ಮಕ್ಕಳು ಪೇಟೆಯ ಬೀದಿಗಿಂತ ಉದ್ಯಾನದಲ್ಲಿ 20 ನಿಮಿಷ ನಡೆದ ಮೇಲೆ ಹೆಚ್ಚು ಏಕಾಗ್ರತೆ ತೋರಿದರು. ಒಪ್ಪೋಣ. ಆದರೆ ಗಮನ ನಿಂತ ಮೇಲೆ ಯಾವುದರ ಮೇಲೆ ನಿಲ್ಲಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಬಯಲೂ ಕಲೆಯೂ ಬೇಡವೆಂದಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಬೆಟ್ಟ, ಬೆಳದಿಂಗಳು, ನಾಟಕ, ಹುಣ್ಣಿಮೆ ಹಾಡು ಎಲ್ಲವೂ ಒಟ್ಟಿಗಿವೆ. ಅಲ್ಲಿ ಕಲೆ ಯಾವ ಕೊರತೆಗೂ ಔಷಧಿಯಾಗಿ ಬಂದದ್ದಲ್ಲ, ಬದುಕಿನ ಪಾಲಾಗಿ ಬಂದದ್ದು. ಅಂಥ ಕಲೆ ಎಲ್ಲ ಮಕ್ಕಳಿಗೂ ಸಿಗಬೇಕು. ಓದು ಬಂದವರಿಗೂ, ಬಾರದವರಿಗೂ. ಓದು ಬಾರದವರಿಗೆ ಬದಲಿ ಎಂದು ಹಂಚಿದ ಕ್ಷಣ ಅದು ಕಲೆಗೂ ಅವಮಾನ, ಮಗುವಿಗೂ ಅವಮಾನ.

ಕೊನೆಯ ಆಕ್ಷೇಪ ಹಣೆಪಟ್ಟಿಯದು. ನ್ಯೂನತೆ ಎಂದು ಹೆಸರಿಟ್ಟರೆ ಹಳ್ಳಿಯಲ್ಲಿ ಮಗುವಿನ ಮದುವೆಯವರೆಗೂ ಅದು ಬೆನ್ನು ಬಿಡದು, ವಿಶೇಷ ಚೇತನ ಎಂದೋ ವಿಶಿಷ್ಟ ಪ್ರತಿಭೆ ಎಂದೋ ಕರೆದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಕಾನೂನಿನಲ್ಲಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆ 21 ನ್ಯೂನತೆಗಳಲ್ಲಿ ಒಂದಾಗಿ ಅದನ್ನು ಸೇರಿಸಿತು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ, ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಾಲೆಯೇ ಮಕ್ಕಳನ್ನು ಪ್ರಾಥಮಿಕವಾಗಿ ತಪಾಸಣೆ ಮಾಡಬೇಕೆಂದಿತು; ವಿವರವಾದ ಪರೀಕ್ಷೆಗೆ ನಿಮ್ಹಾನ್ಸ್ ರೂಪಿಸಿದ ಸಾಧನವನ್ನು ಸೂಚಿಸಿತು. 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ತೊಡಕು, ಇದ್ದ ನೀಟ್ ವಿದ್ಯಾರ್ಥಿನಿಗೆ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆ ಕೊಡದಿದ್ದದ್ದು ತಪ್ಪೆಂದು ತೀರ್ಪಿತ್ತದ್ದು ಈ ಕಾಯ್ದೆಯ ಬಲದ ಮೇಲೆ. ವಿಶಿಷ್ಟ ಪ್ರತಿಭೆಗೆ ಯಾವ ನ್ಯಾಯಾಲಯವೂ ಹೆಚ್ಚುವರಿ ಗಂಟೆ ಕೊಡುವುದಿಲ್ಲ. ಭಿನ್ನತೆ ಬರೀ ಸೊಬಗು ಎಂದು ಒಪ್ಪಿಸಿಬಿಟ್ಟರೆ ನೆರವು ಕೇಳುವ ಹಕ್ಕು ಸಡಿಲವಾಗುತ್ತದೆ. ಹೆಸರಿನಿಂದ ಹುಟ್ಟುವ ಅವಮಾನ ನಿಜ. ಅದನ್ನು ಎದುರಿಸಬೇಕಾದದ್ದು ಹೆಸರು ಮುಚ್ಚಿಟ್ಟಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಕೋಲಾರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮತ್ತು ಜಿಲ್ಲೆಯ ಆರು ಬ್ಲಾಕುಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರು ಸೇರಿ, ಮನೆಯಲ್ಲಿ ತೆಲುಗು, ಉರ್ದು, ತಮಿಳು ಆಡುವ ಮಕ್ಕಳ ಬಾಯಲ್ಲೂ ಅದೇ ಮೊದಲ ಶಬ್ದ ಬರುವಂಥ ಚಿತ್ರಗಳನ್ನು, ಸಾಧ್ಯವಾದಷ್ಟು ಅಕ್ಷರದ ಆಕಾರದೊಳಗೇ ಕೂರುವಂತೆ, ಬರೆಸಬಹುದು. ಚಿತ್ರಕಲೆಯ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. ಚಿತ್ರ ತೋರಿಸಿದಾಗ ಮಗು ಅದನ್ನು ಯಾವ ಹೆಸರಿನಿಂದ ಕರೆಯಿತೆಂದು ಮೊದಲು ಕೇಳಿಸಿಕೊಂಡು, ಆಮೇಲೆ ತಪ್ಪು ಹಾಕಬಹುದು. ಉಳಿದದ್ದು ಪೋಷಕರ ಕೈಯಲ್ಲಿದೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಗಳ ಚಿತ್ರ ಚೆನ್ನಾಗಿದೆ ಎಂಬ ಮಾತು ಬಂದಾಗ ಸಂತೋಷಪಡಿ, ಪಟ್ಟಮೇಲೆ ಪ್ರಗತಿ ನೋಟ ತೆಗೆಸಿ ಅವಳು ಯಾವ ಮೈಲಿಗಲ್ಲಿನಲ್ಲಿ ಎಷ್ಟು ದಿನದಿಂದ ಇದ್ದಾಳೆಂದು ಕೇಳಿ. ಎರಡನೇ ತರಗತಿಯಲ್ಲಿದ್ದರೆ ಈಗಲೇ ಕೇಳಿ. ನಾಲ್ಕಕ್ಕೆ ಬಂದರೆ ಆ ಪಟ್ಟಿ ಗೋಡೆಯ ಮೇಲೆ ಇರುವುದಿಲ್ಲ.